ಆ ಬೋರ್ಡಿನ ಎರಡನೇ ಸಾಲು ಅಳಿಸಿಕೊಡಿ

ನಮ್ಮ ಪಾರ್ಕಿಗೆ ಧ್ಯಾನದ ಬೋರ್ಡು ಹಾಕಿಸಿದ ಮಾನ್ಯರೇ,

ನಮಸ್ಕಾರ. ಹೆಸರು ಹಾಕಿ ಬರೆಯುತ್ತಿಲ್ಲ, ಬೇಜಾರು ಮಾಡಿಕೊಳ್ಳಬೇಡಿ. ಬೋರ್ಡಿನ ಕೆಳಗೆ ಏಳು ಜನರ ಹೆಸರಿದೆ. ಅವರಲ್ಲಿ ಎರಡನೇ ಸಾಲು ಬರೆಸಿದವರು ಯಾರು ಅಂತ ನನಗೆ ಗೊತ್ತಿಲ್ಲ, ಗೊತ್ತಿದ್ದರೂ ಹೇಳುತ್ತಿರಲಿಲ್ಲ. ನನಗೆ ಜಗಳ ಬೇಕಿಲ್ಲ, ಆ ಸಾಲು ಹೋದರೆ ಸಾಕು. ನಾಲ್ಕು ತಿಂಗಳ ಹಿಂದೆ ಅರ್ಜಿ ಕೊಟ್ಟೆ. ಸೀಲು ಹೊಡೆದು ಒಂದು ಚೀಟಿ ಕೊಟ್ಟರು, ಆ ಚೀಟಿ ಈಗಲೂ ನನ್ನ ಕನ್ನಡಕದ ಡಬ್ಬಿಯಲ್ಲಿದೆ, ಅದರಾಚೆಗೆ ಏನೂ ಆಗಲಿಲ್ಲ. ಅದಕ್ಕೇ ಈಗ ಎಲ್ಲರಿಗೂ ಕಾಣುವ ಹಾಗೆ ಬರೆಯುತ್ತಿದ್ದೇನೆ.

ಬೋರ್ಡು ನಿಮಗೆ ನೆನಪಿರಲಿಕ್ಕಿಲ್ಲ. ನೀವು ಇಂಥವನ್ನು ಎಷ್ಟು ಹಾಕಿಸಿರುತ್ತೀರೋ! ಜಯನಗರದ ಕಡೆಯ ಒಂದು ಸಣ್ಣ ಪಾರ್ಕು ಇದು. ಗೇಟು ದಾಟಿದ ಕೂಡಲೇ ಎಡಕ್ಕೆ ಹೊಂಗೆ ಮರ, ಅದರ ಪಕ್ಕ ತಗಡಿನ ಬೋರ್ಡು, ಹಳದಿ ಮೇಲೆ ಹಸಿರು ಅಕ್ಷರ. ಮೊದಲ ಸಾಲು, ‘ಹಿರಿಯ ನಾಗರಿಕರ ಧ್ಯಾನ ತಾಣ’. ಎರಡನೇ ಸಾಲು, ‘ಪ್ರತಿದಿನ ಧ್ಯಾನ ಮಾಡಿ, ಮರೆವಿನ ರೋಗ ದೂರವಿಡಿ’. ಡಿಸೆಂಬರ್ 21ನ್ನು ವಿಶ್ವ ಧ್ಯಾನ ದಿನ ಅಂತ ವಿಶ್ವಸಂಸ್ಥೆ 2024ರಲ್ಲಿ ಘೋಷಿಸಿತಲ್ಲ, ಅದರ ಮೊದಲ ಆಚರಣೆಯ ವಾರದಲ್ಲೇ ಬಂತು ಈ ಬೋರ್ಡು. ಜೊತೆಗೆ ಒಂದು ದುಂಡನೆಯ ಗ್ರಾನೈಟ್ ಕಟ್ಟೆ, ಅದರ ಮೇಲೊಂದು ಶಾಮಿಯಾನ, ಎಲ್ಲರಿಗೂ ಬಾದಾಮಿ ಹಾಲು. ಶಾಮಿಯಾನ ಅವತ್ತೇ ಸಂಜೆ ಹೋಯಿತು.

ನಮ್ಮ ಗುಂಪಿನಲ್ಲಿ ಒಬ್ಬರು ಬೋರ್ಡು ಬರೆಯುತ್ತಿದ್ದ ಪೇಂಟರ್ ಇದ್ದಾರೆ. ಈಗ 71 ವರ್ಷ. ಫ್ಲೆಕ್ಸ್ ಬರುವ ಮುಂಚೆ ಈ ಭಾಗದ ಅರ್ಧ ಅಂಗಡಿಗಳ ಹೆಸರು ಇವರ ಕೈಯಲ್ಲೇ ಬರೆದದ್ದು. ಅವರು ಮೊದಲ ದಿನವೇ ಬೋರ್ಡಿನ ಮುಂದೆ ಕೈಕಟ್ಟಿ ನಿಂತು, "ಧ್ಯಾನಕ್ಕೆ ಹೊಟ್ಟೆ ಸೀಳಿಲ್ಲ ಮೇಡಂ, ಬರೀ ದ್ಯಾನ ಮಾಡಿದ್ದಾರೆ" ಅಂದರು. ಮಾರನೇ ದಿನ ಬೆಳಗ್ಗೆ ಸಣ್ಣ ಬ್ರಷ್ಷು ತಂದು ಎರಡೂ ಕಡೆ ಒಂದೊಂದು ಗೀಟು ಎಳೆದು ಸರಿ ಮಾಡಿದರು. ಅನುಮತಿ ಕೇಳಲಿಲ್ಲ. ಇದನ್ನು ಒಪ್ಪಿಕೊಂಡೇ ಮುಂದಕ್ಕೆ ಹೋಗುತ್ತೇನೆ.

ನನ್ನ ಪರಿಚಯ ಸ್ವಲ್ಪ. ನಾನು ಮೂವತ್ತೊಂದು ವರ್ಷ ಕಾಲೇಜಿನಲ್ಲಿ ಸೈಕಾಲಜಿ ಪಾಠ ಮಾಡಿ ನಿವೃತ್ತಳಾದವಳು. ವಾರಕ್ಕೆ ಮೂರು ದಿನ, ಬೆಳಗ್ಗೆ ಆರೂವರೆಗೆ, ಇದೇ ಹೊಂಗೆ ಮರದ ಕೆಳಗೆ ಹದಿನೈದು ಇಪ್ಪತ್ತು ಜನ ವಯಸ್ಸಾದವರನ್ನು ಕೂರಿಸಿ ಧ್ಯಾನ ಮಾಡಿಸುತ್ತೇನೆ. ಅಂದರೆ ನಾನು ಧ್ಯಾನದ ವಿರೋಧಿ ಅಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು. ಯಾಕೆಂದರೆ ಈ ವಿಷಯ ಎತ್ತಿದ ಕೂಡಲೇ ಒಬ್ಬರಾದರೂ ‘ನಮ್ಮ ಪರಂಪರೆ’ ಅಂತ ಶುರು ಮಾಡುತ್ತಾರೆ. ಮಾಡಿಸುವವಳೇ ನಾನು ಸ್ವಾಮಿ. ಮಾಡಿಸುವವಳಿಗೇ ಆ ಸಾಲು ಸುಳ್ಳು ಅಂತ ಗೊತ್ತಿರುವುದು.

ಈಗ ಮೇಷ್ಟ್ರ ವಿಷಯ. ಈ ಪತ್ರಕ್ಕೆ ಕಾರಣವೇ ಅವರು.

ಹೈಸ್ಕೂಲಿನಲ್ಲಿ ಗಣಿತ ಹೇಳುತ್ತಿದ್ದವರು, 74 ವರ್ಷ. ಶುರುವಿನಿಂದಲೂ ಗುಂಪಿನಲ್ಲಿದ್ದಾರೆ. ನಾವು ಮಾಡುವುದು ತೀರಾ ಸರಳ. ಕುರ್ಚಿಯಲ್ಲೋ ಚಾಪೆಯಲ್ಲೋ ಕೂತು ಉಸಿರು ಎಣಿಸುವುದು. ಒಂದರಿಂದ ಹತ್ತು, ಮತ್ತೆ ಒಂದರಿಂದ. ನಡುವೆ ಮನಸ್ಸು ಎಲ್ಲೋ ಹೋಗುತ್ತದೆ, ಗ್ಯಾಸ್ ಆಫ್ ಮಾಡಿದೆನಾ ಅಂತ ನೆನಪಾಗುತ್ತದೆ, ಲೆಕ್ಕ ತಪ್ಪುತ್ತದೆ. ತಪ್ಪಿದರೆ ಬೈದುಕೊಳ್ಳದೆ ಮತ್ತೆ ಒಂದರಿಂದ ಶುರು ಮಾಡಿ ಅಂತ ನಾನು ಹೇಳುತ್ತೇನೆ. ಎಲ್ಲ ಕಡೆಯೂ ಹೀಗೇ ಹೇಳಿಕೊಡುತ್ತಾರೆ. ಮೇಷ್ಟ್ರಿಗೆ ಲೆಕ್ಕ ತಪ್ಪುತ್ತಲೇ ಇರಲಿಲ್ಲ, ಅದೇ ಅವರ ತೊಂದರೆ. "ಹತ್ತಕ್ಕೆ ನಿಲ್ಲಿಸೋಕೆ ಆಗಲ್ಲಮ್ಮ, ಹದಿನೇಳರ ಮಗ್ಗಿಗೆ ಹೋಗಿಬಿಟ್ಟಿದ್ದೆ" ಅಂತ ನಗುತ್ತಿದ್ದರು.

ಬೋರ್ಡು ಬಂದ ಮೇಲಿನ ಬೇಸಿಗೆಯಲ್ಲಿ ಒಂದು ದಿನ, "ಇವತ್ತು ನಾಲ್ಕು ದಾಟಲಿಲ್ಲ" ಅಂದರು. ನಾನು ಏನು ಹೇಳಿದೆ ಗೊತ್ತಾ? "ಪರವಾಗಿಲ್ಲ ಮೇಷ್ಟ್ರೇ, ಮನಸ್ಸು ಅಲೆಯೋದು ಸಹಜ, ಮತ್ತೆ ಒಂದರಿಂದ ಶುರು ಮಾಡಿ." ಮುಂದಿನ ವಾರವೂ ಅದೇ. ಮೂರು, ನಾಲ್ಕು, ಅಷ್ಟೇ. ನಾನೂ ಅದೇ ಹೇಳಿದೆ. ಧ್ಯಾನದಲ್ಲಿ ಲೆಕ್ಕ ತಪ್ಪುವುದು ತಪ್ಪೇ ಅಲ್ಲ ಅಂತ ಹೇಳಿ ಹೇಳಿ, ಹದಿನೇಳರ ಮಗ್ಗಿ ಹೇಳುತ್ತಿದ್ದ ಮನುಷ್ಯ ನಾಲ್ಕರಲ್ಲಿ ನಿಂತುಹೋದದ್ದು ನನಗೆ ಕಾಣಲೇ ಇಲ್ಲ. ಮೂವತ್ತೊಂದು ವರ್ಷ ಸೈಕಾಲಜಿ ಹೇಳಿದವಳಿಗೆ! ಬೋರ್ಡಿನ ಮೇಲಿನ ಸಿಟ್ಟಿನಲ್ಲಿ ಅರ್ಧ ನನ್ನ ಮೇಲಿನದೇ.

ಮನೆಯವರು ನೋಡಿದ್ದರು. ಚಪ್ಪಲಿ ಫ್ರಿಜ್ಜಿನ ಮೇಲೆ ಇಡುವುದು, ಒಂದೇ ಮಾತನ್ನು ಮೂರು ಸಲ ಕೇಳುವುದು, ಮೆಟ್ಟಿಲ ಮೇಲೆ ತಡವರಿಸುವುದು. ನಮ್ಮಲ್ಲಿ ಇದಕ್ಕೆಲ್ಲ ಒಂದೇ ಉತ್ತರ ಸಿದ್ಧವಾಗಿರುತ್ತದೆ, ಅರವತ್ತಕ್ಕೆ ಅರಳು ಮರುಳು. ಅದು ಸಾಲದು ಅಂತ ನಿಮ್ಮ ಬೋರ್ಡು ಬೇರೆ. ಸೊಸೆ ಅದರ ಫೋಟೋ ತೆಗೆದು ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿದಳು. ಒಳ್ಳೇ ಹುಡುಗಿ, ಅವಳದ್ದೇನೂ ತಪ್ಪಿಲ್ಲ. ಸರ್ಕಾರದ ಪಾರ್ಕಿನಲ್ಲಿ ಸರ್ಕಾರದ ಬೋರ್ಡು ಹೇಳುತ್ತಿದೆ ಅಂದರೆ ಯಾರು ನಂಬುವುದಿಲ್ಲ? ಅಮೆರಿಕದಲ್ಲಿರುವ ಮಗ, ಅಪ್ಪ ದಿನಕ್ಕೆ ಎರಡು ಸಲ ಧ್ಯಾನ ಮಾಡಲಿ ಅಂದ. ಮೇಷ್ಟ್ರು ವಿಧೇಯ ವಿದ್ಯಾರ್ಥಿಯ ಹಾಗೆ ಸಂಜೆಯೂ ಬಂದು ಒಬ್ಬರೇ ಆ ಗ್ರಾನೈಟ್ ಕಟ್ಟೆಯ ಮೇಲೆ ಕೂರತೊಡಗಿದರು. ಹೀಗೆ ಸುಮಾರು ಎಂಟು ತಿಂಗಳು.

ಕೊನೆಗೆ ಡಾಕ್ಟರ ಹತ್ತಿರ ಹೋದದ್ದೂ ಮರೆವಿಗಲ್ಲ, ಪಾದ ಜುಮ್ಮೆನ್ನುತ್ತದೆ ಅಂತ. ರಕ್ತ ಪರೀಕ್ಷೆ ಮಾಡಿಸಿದರೆ ಬಿ12 ತಳ ಕಂಡಿತ್ತು, ಥೈರಾಯ್ಡ್ ಕೂಡ ಕಮ್ಮಿ. ಮೇಷ್ಟ್ರು ಅಪ್ಪಟ ಸಸ್ಯಾಹಾರಿ, ಅದರ ಮೇಲೆ ವರ್ಷಗಟ್ಟಲೆ ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಮಾತ್ರೆ. ಎರಡೂ ಬಿ12 ಕಮ್ಮಿಯಾಗುವುದಕ್ಕೆ ದಾರಿ. ಬಿ12 ಕೊರತೆಯಿಂದ ಮರೆವು ಬರುತ್ತದೆ, ಪಾದ ಜೋಮು ಹಿಡಿಯುತ್ತದೆ, ನಡೆಯುವಾಗ ತೂಕ ತಪ್ಪುತ್ತದೆ. ಥೈರಾಯ್ಡ್ ಕಮ್ಮಿಯಾದರೆ, ಮನಸ್ಸು ಖಿನ್ನತೆಗೆ ಬಿದ್ದರೆ ಕೂಡ ಥೇಟ್ ಡಿಮೆನ್ಷಿಯಾ, ಅಂದರೆ ಮರೆವಿನ ರೋಗದ ಥರವೇ ಕಾಣುತ್ತದೆ. ಇವೆಲ್ಲ ಔಷಧಿಗೆ ಬಗ್ಗುವಂಥವು. ಆದರೆ ಬೇಗ ಹಿಡಿಯಬೇಕು, ನರಕ್ಕೆ ಆದ ಪೆಟ್ಟು ತುಂಬಾ ದಿನ ಬಿಟ್ಟರೆ ಪೂರ್ತಿ ವಾಪಸ್ ಬರುವುದಿಲ್ಲ. ಇಂಜೆಕ್ಷನ್, ಮಾತ್ರೆ ಶುರುವಾಗಿ ತಿಂಗಳುಗಳಾದವು. ಮೇಷ್ಟ್ರು ಈಗ ಹತ್ತರ ತನಕ ಎಣಿಸುತ್ತಾರೆ. ಹದಿಮೂರರ ಮಗ್ಗಿ ಬರುತ್ತದೆ. ಹದಿನೇಳರದ್ದು ಅರ್ಧಕ್ಕೆ ನಿಲ್ಲುತ್ತದೆ, ಆಗ ಕೈಬೆರಳು ನೋಡಿಕೊಳ್ಳುತ್ತಾರೆ. ಪಾದದ ಜೋಮು ಇನ್ನೂ ಇದೆ.

ಇನ್ನು ಧ್ಯಾನದ ಬಗ್ಗೆ ವಿಜ್ಞಾನ ಏನು ಹೇಳುತ್ತದೆ ಅಂತ ನೋಡೋಣ. ‘ಇವಮ್ಮನಿಗೆ ಏನು ಗೊತ್ತು’ ಅಂತ ನೀವು ಕೇಳುವುದು ಸರಿಯೇ. ಕಾಲೇಜು ಬಿಟ್ಟ ಮೇಲೂ ಓದುವ ಚಟ ಹೋಗಿಲ್ಲ.

ಈ ‘ಧ್ಯಾನದಿಂದ ಮೆದುಳು ಬೆಳೆಯುತ್ತದೆ’ ಅನ್ನುವ ಮಾತಿಗೆ ಬೇರು 2005ರ ಒಂದು ಅಧ್ಯಯನದಲ್ಲಿದೆ. ಬಾಸ್ಟನ್ನಿನ ಸಾರಾ ಲಾಜರ್ ಅನ್ನುವ ಸಂಶೋಧಕಿ, ವರ್ಷಗಟ್ಟಲೆ ಧ್ಯಾನ ಮಾಡಿದ 20 ಜನರ ಮೆದುಳನ್ನು ಸ್ಕ್ಯಾನ್ ಮಾಡಿದರು. ಮಾಡದವರಿಗಿಂತ ಇವರ ಮೆದುಳಿನ ಹೊರಪದರ ಕೆಲವು ಕಡೆ ದಪ್ಪ ಇತ್ತು, ವಯಸ್ಸಾದವರಲ್ಲಿ ಆ ವ್ಯತ್ಯಾಸ ಇನ್ನೂ ಎದ್ದು ಕಂಡಿತು. ಒಳ್ಳೆಯ ಕೆಲಸ, ಆಗ ಎಲ್ಲರೂ ಬೆರಗಾದರು, ನಾನೂ ಕ್ಲಾಸಿನಲ್ಲಿ ಹೇಳಿಕೊಂಡು ಓಡಾಡಿದೆ. ಆದರೆ ಅದರಲ್ಲಿ ಒಂದು ತೊಡಕು. ಲಾಲ್‌ಬಾಗಿನ ಬಂಡೆ ಹತ್ತುವ ಎಂಬತ್ತರ ಅಜ್ಜಂದಿರನ್ನು ನೋಡಿದ್ದೀರಲ್ಲ, ಅವರನ್ನು ನೋಡಿ ಲಾಲ್‌ಬಾಗಿನ ಗಾಳಿಗೆ ಮಂಡಿ ಗಟ್ಟಿಯಾಗುತ್ತದೆ ಅಂದುಬಿಟ್ಟರೆ ಹೇಗೆ? ಮಂಡಿ ಹೋದವರು ಮನೆಯಲ್ಲಿ ಕೂತಿರುತ್ತಾರೆ, ಬಂಡೆಯ ಮೇಲೆ ಕಾಣುವುದೇ ಇಲ್ಲ. ಹಾಗೆಯೇ ಧ್ಯಾನದಿಂದ ಮೆದುಳು ಹಾಗಾಯಿತೋ, ಅಂಥ ಮೆದುಳಿದ್ದವರೇ ವರ್ಷಗಟ್ಟಲೆ ಧ್ಯಾನದಲ್ಲಿ ಉಳಿದರೋ, ಒಂದೇ ಸಲ ಸ್ಕ್ಯಾನ್ ಮಾಡಿದರೆ ಹೇಳಲಿಕ್ಕಾಗುವುದಿಲ್ಲ. ಲಾಟರಿ ಎತ್ತಿದ ಹಾಗೆ ಜನರನ್ನು ಗುಂಪು ಮಾಡಿ, ಒಂದು ಗುಂಪಿಗೆ ಧ್ಯಾನ ಕಲಿಸಿ, ಇನ್ನೊಂದಕ್ಕೆ ಕಲಿಸದೆ, ಮುಂಚೆ ಮತ್ತು ಆಮೇಲೆ ಅಳೆಯಬೇಕು.

ಹಾಗೆ ಅಳೆದರು ಕೂಡ. ಅಮೆರಿಕದ ವಿಸ್ಕಾನ್ಸಿನ್‌ನ ತಂಡವೊಂದು ಇನ್ನೂರಕ್ಕೂ ಹೆಚ್ಚು ಜನರ ಲೆಕ್ಕ ಇಟ್ಟು 2022ರಲ್ಲಿ ಹೇಳಿತು, ಎಂಟು ವಾರದ ಧ್ಯಾನದ ಕೋರ್ಸಿನಿಂದ ಮೆದುಳಿನ ಆಕಾರದಲ್ಲಿ ಏನೂ ಬದಲಾವಣೆ ಕಾಣಲಿಲ್ಲ ಅಂತ. ಈ ತಂಡದಲ್ಲಿ ರಿಚರ್ಡ್ ಡೇವಿಡ್‌ಸನ್ ಇದ್ದರು. ಟಿಬೆಟಿನ ಭಿಕ್ಷುಗಳ ಮೆದುಳಿನ ಅಲೆಗಳನ್ನು ಅಳೆದು ಜಗತ್ತಿಗೆಲ್ಲ ತೋರಿಸಿದ ಮನಃಶಾಸ್ತ್ರಜ್ಞ ಅವರೇ. ಅಂದರೆ ಹೇಳಿದವರು ಧ್ಯಾನದ ಶತ್ರುಗಳಲ್ಲ, ನೆಂಟರು. ನನಗೆ ಇದರಲ್ಲಿ ಇಷ್ಟವಾಗುವುದು ಅದೇ.

ಅದೇ ವರ್ಷ ವಯಸ್ಸಾದವರದ್ದೇ ಎರಡು ದೊಡ್ಡ ಪರೀಕ್ಷೆಗಳ ಫಲಿತಾಂಶ ಬಂತು. ಒಂದು ಅಮೆರಿಕದ್ದು. ‘ಇತ್ತೀಚೆಗೆ ಮರೆವು ಜಾಸ್ತಿಯಾಗಿದೆ’ ಅಂತ ಹೇಳಿಕೊಳ್ಳುವ, ಆದರೆ ಡಿಮೆನ್ಷಿಯಾ ಇಲ್ಲದ, 65ರಿಂದ 84 ವರ್ಷದ 585 ಜನ. ನಮ್ಮ ಮೇಷ್ಟ್ರಂಥವರೇ ಅನ್ನಿ. ಕೆಲವರಿಗೆ ಧ್ಯಾನ, ಕೆಲವರಿಗೆ ವ್ಯಾಯಾಮ, ಕೆಲವರಿಗೆ ಎರಡೂ, ಕೆಲವರಿಗೆ ಬರೀ ಆರೋಗ್ಯದ ಪಾಠ. ಆರು ತಿಂಗಳಾದ ಮೇಲೆ ನೋಡಿದರೆ ನೆನಪಿನ ಶಕ್ತಿಯಲ್ಲಿ ಧ್ಯಾನದಿಂದಲೂ ಹೆಚ್ಚುಗಾರಿಕೆ ಇಲ್ಲ, ವ್ಯಾಯಾಮದಿಂದಲೂ ಇಲ್ಲ.

ಇನ್ನೊಂದು ಫ್ರಾನ್ಸಿನದ್ದು, ನನಗೆ ತುಂಬಾ ಹಿಡಿಸಿದ್ದು. ಕಾಂ (Caen) ಅನ್ನುವ ಊರಿನಲ್ಲಿ ಗೇಲ್ ಶೆಟೆಲಾ ಅನ್ನುವ ಸಂಶೋಧಕಿ ಮತ್ತು ಅವರ ತಂಡ 65 ದಾಟಿದ 137 ಜನರನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಹದಿನೆಂಟು ತಿಂಗಳು ಧ್ಯಾನ. ವಾರಕ್ಕೊಮ್ಮೆ ಎರಡು ಗಂಟೆ ಒಟ್ಟಿಗೆ, ಮನೆಯಲ್ಲಿ ದಿನಾ ಇಪ್ಪತ್ತು ನಿಮಿಷ. ಇನ್ನೊಂದು ಗುಂಪಿಗೆ ಅಷ್ಟೇ ಕಾಲ ಇಂಗ್ಲಿಷ್ ಪಾಠ! ಮೂರನೆಯವರು ತಮ್ಮ ಪಾಡಿಗೆ ತಾವು. ಇಂಗ್ಲಿಷ್ ಯಾಕೆ ಅಂದರೆ, ಗುಂಪಿನಲ್ಲಿ ಕೂರುವುದು, ಮೇಷ್ಟ್ರು ಇರುವುದು, ಹೋಮ್‌ವರ್ಕ್ ಮಾಡುವುದು ಎಲ್ಲ ಧ್ಯಾನದ ಹಾಗೆಯೇ ಇರುತ್ತದೆ, ಧ್ಯಾನ ಮಾತ್ರ ಇರುವುದಿಲ್ಲ. ಕೊನೆಗೆ ಅವರು ಮುಖ್ಯವಾಗಿ ಅಳೆಯಲು ಹೊರಟಿದ್ದ ಮೆದುಳಿನ ಎರಡು ಭಾಗಗಳಲ್ಲಿ, ಗಾತ್ರದಲ್ಲಾಗಲಿ, ರಕ್ತದ ಹರಿವಿನಲ್ಲಾಗಲಿ, ಗಟ್ಟಿಯಾಗಿ ಹೇಳುವಂಥ ವ್ಯತ್ಯಾಸ ಸಿಗಲಿಲ್ಲ. ಆದರೆ ಗಮನ ಹಿಡಿಯುವುದು, ಭಾವನೆ ಸಂಭಾಳಿಸುವುದು, ತನ್ನನ್ನು ತಾನು ಅರಿಯುವುದು, ಈ ಮೂರನ್ನು ಸೇರಿಸಿ ಹಾಕಿದ ಅಂಕದಲ್ಲಿ ಧ್ಯಾನದವರು ಇಂಗ್ಲಿಷಿನವರಿಗಿಂತ ಮುಂದಿದ್ದರು.

(ಇಲ್ಲಿ ಸುಮ್ನೆ ಒಂದು ಮಾತು. ನಮ್ಮ ಪಾರ್ಕಿನಲ್ಲಿ ಪಟ್ನಾ, ಕಾನ್ಪುರದಿಂದ ಮಗನ ಮನೆಗೆ ಬಂದ ಹಿರಿಯರು ಐದಾರು ಜನ ಇದ್ದಾರೆ. ಮಗ ಸೊಸೆ ಆಫೀಸಿಗೆ, ಮೊಮ್ಮಕ್ಕಳು ಸ್ಕೂಲಿಗೆ. ಇವರು ನಂದಿನಿ ಬೂತಿನವನ ಹತ್ತಿರ ಕೂಡ ಬೆರಳು ತೋರಿಸಿ ಹಾಲು ತರುತ್ತಾರೆ. ಆ ಗ್ರಾನೈಟ್ ಕಟ್ಟೆಯ ಮೇಲೆ ಇವರಿಗೆ ಕನ್ನಡದ ಕ್ಲಾಸು ನಡೆಸಿದರೆ ಎಷ್ಟು ಚೆನ್ನ ಅಲ್ವಾ? ಒಬ್ಬರು ಈಗಾಗಲೇ ‘ಉಸಿರು ಒಳಗೆ, ಉಸಿರು ಹೊರಗೆ’ ಅನ್ನುವಷ್ಟು ಕನ್ನಡ ನಮ್ಮಿಂದಲೇ ಕಲಿತಿದ್ದಾರೆ. ಬೂತಿನಲ್ಲಿ ಅದು ಉಪಯೋಗಕ್ಕೆ ಬರುತ್ತಿಲ್ಲ ಅನ್ನುವುದು ಬೇರೆ ಮಾತು.)

ಹಾಗಾದರೆ ಧ್ಯಾನದಿಂದ ಏನೂ ಇಲ್ಲವೇ? ಇದೆ. 2014ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದವರು 47 ಪರೀಕ್ಷೆಗಳನ್ನು, ಸುಮಾರು 3,500 ಜನರ ಲೆಕ್ಕವನ್ನು ಒಟ್ಟಿಗೆ ಹಾಕಿ ನೋಡಿದರು. ಆತಂಕ, ಖಿನ್ನತೆ, ನೋವು, ಈ ಮೂರರಲ್ಲಿ ಸ್ವಲ್ಪ ಮಟ್ಟಿಗೆ ಉಪಯೋಗ ಇದೆ. ವ್ಯಾಯಾಮಕ್ಕಿಂತ, ಔಷಧಿಗಿಂತ ಮೇಲು ಅನ್ನುವುದಕ್ಕೆ ಮಾತ್ರ ಆಧಾರ ಸಿಗಲಿಲ್ಲ. ಡೇವಿಡ್ ಕ್ರೆಸ್‌ವೆಲ್ ಅನ್ನುವ ಮನಃಶಾಸ್ತ್ರಜ್ಞ 2012ರಲ್ಲಿ 55ರಿಂದ 85 ವರ್ಷದ 40 ಜನರ ಮೇಲೆ ಮಾಡಿದ ಸಣ್ಣ ಪ್ರಯೋಗದಲ್ಲಿ, ಎಂಟು ವಾರದ ಧ್ಯಾನದ ನಂತರ ಒಂಟಿತನ ಕಮ್ಮಿಯಾಯಿತು. 40 ಅನ್ನುವುದು ಸಣ್ಣ ಲೆಕ್ಕ. ಹೋಲಿಸಿ ನೋಡಿದ್ದೂ ಇನ್ನೂ ಸರದಿಯಲ್ಲಿ ಕಾಯುತ್ತಿದ್ದವರ ಜೊತೆ. ಹಾಗಾಗಿ ಒಂಟಿತನ ಕಳೆದದ್ದು ಧ್ಯಾನವೋ, ವಾರಕ್ಕೊಮ್ಮೆ ನಾಲ್ಕು ಜನರ ಮುಖ ನೋಡಿದ್ದೋ ಅಂತ ಬಿಡಿಸಿ ಹೇಳುವುದು ಕಷ್ಟ.

ನನಗಂತೂ ಬಿಡಿಸುವ ಅವಸರ ಇಲ್ಲ. ನಮ್ಮ ಗುಂಪಿನಲ್ಲಿ ಧ್ಯಾನ ಇಪ್ಪತ್ತು ನಿಮಿಷ, ಆಮೇಲೆ ದರ್ಶಿನಿಯಲ್ಲಿ ಬೈಟು ಕಾಫಿ ನಲವತ್ತು ನಿಮಿಷ. ಯಾರಾದರೂ ಎರಡು ದಿನ ಬರದಿದ್ದರೆ ಮೂರನೇ ದಿನ ಫೋನ್ ಹೋಗುತ್ತದೆ. ರಾತ್ರಿ ಎರಡು ಗಂಟೆಗೆ ಎಚ್ಚರವಾಗಿ ಬೆಳಗಿನ ತನಕ ಚಾವಣಿ ನೋಡುತ್ತಿದ್ದವರು, ಈಗಲೂ ಎರಡಕ್ಕೇ ಎದ್ದರೂ ಉಸಿರು ಎಣಿಸುತ್ತಾ ಮಲಗಿರುತ್ತಾರೆ, ಅಷ್ಟು ಹೆದರಿಕೆ ಆಗುವುದಿಲ್ಲ ಅನ್ನುತ್ತಾರೆ. ಇದು ಸಣ್ಣ ವಿಷಯವೇ? ಬೋರ್ಡಿನ ಮೇಲೆ ಬೇಕಾದರೆ ಇದನ್ನು ಬರೆಸಿ. ಇದು ನಿಜ.

ಎಲ್ಲರಿಗೂ ಒಗ್ಗುವುದೂ ಇಲ್ಲ. ಗಂಡನನ್ನು ಕಳೆದುಕೊಂಡು ಎರಡು ತಿಂಗಳಾಗಿದ್ದ ಒಬ್ಬ ಹೆಂಗಸನ್ನು ಅವರ ತಂಗಿ ಕರೆತಂದಿದ್ದರು, ಬೋರ್ಡು ನೋಡಿಯೇ. ಮೂರನೇ ದಿನ ಕಣ್ಣು ಮುಚ್ಚಿದವರು ನಡುಗತೊಡಗಿದರು. ಕಣ್ಣು ಮುಚ್ಚಿದರೆ ಆಸ್ಪತ್ರೆಯ ಆ ಉದ್ದನೆಯ ಕಾರಿಡಾರೇ ಬರುತ್ತದೆ ಅಂದರು. ಧ್ಯಾನದಿಂದ ಕೆಲವರಿಗೆ ಆತಂಕ ಹೆಚ್ಚಾಗಬಹುದು, ಹಳೆಯ ನೋವು ಮೇಲೆ ಬರಬಹುದು ಅನ್ನುವುದನ್ನು ಬ್ರೌನ್ ವಿಶ್ವವಿದ್ಯಾಲಯದ ವಿಲೊಬಿ ಬ್ರಿಟನ್ ಅನ್ನುವ ಮನಃಶಾಸ್ತ್ರಜ್ಞೆ ವರ್ಷಗಳಿಂದ ದಾಖಲಿಸುತ್ತಾ ಬಂದಿದ್ದಾರೆ. ನಾನು ಆಕೆಗೆ ಕಣ್ಣು ತೆರೆದು ನಡೆಯಿರಿ, ಹೆಜ್ಜೆ ಎಣಿಸಿ ಅಂದೆ. ಮನಸ್ಸಿನ ತೊಂದರೆಗೆ ಇರುವ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್ ನಂಬರು, 14416, ಚೀಟಿಯಲ್ಲಿ ಬರೆದುಕೊಟ್ಟೆ. ಈಗ ಧ್ಯಾನಕ್ಕೆ ಬರುವುದಿಲ್ಲ, ಕಾಫಿಗೆ ಬರುತ್ತಾರೆ.

ಇನ್ನೊಬ್ಬರು ಅಜ್ಜಿ, 79. ಎಲ್ಲರೂ ಕಣ್ಣು ಮುಚ್ಚಿದರೂ ಇವರದ್ದು ಒಂದು ಕಣ್ಣು ಕೂದಲೆಳೆಯಷ್ಟು ತೆರೆದೇ ಇರುತ್ತಿತ್ತು. ಏಕಾಗ್ರತೆ ಇಲ್ಲ ಅಂತ ಪಕ್ಕದವರು ದೂರು ಹೇಳಿದರು. ಕೇಳಿದರೆ ನಾಚಿಕೊಂಡು ಹೇಳಿದರು, "ನೀವು ಗಂಟೆ ಹೊಡೆಯೋದು ನಂಗೆ ಕೇಳಲ್ವಲ್ಲಮ್ಮ, ಎಲ್ರೂ ಕಣ್ಣು ಬಿಟ್ರಾ ಅಂತ ನೋಡ್ತಿರ್ತೀನಿ." ಒಂದು ವರ್ಷ ನನ್ನ ಒಂದು ಮಾತೂ ಕೇಳಿಸದೆ ಕೂತಿದ್ದಾರೆ ಪುಣ್ಯಾತ್ಗಿತ್ತಿ! ಈಗ ಹೇಳಿ, ಇವರಿಗೆ ಬೇಕಾದದ್ದು ಧ್ಯಾನ ತಾಣವೋ, ಕಿವಿಯ ಮಷಿನ್ನೋ?

ಇದನ್ನು ತಮಾಷೆಗೆ ಹೇಳುತ್ತಿಲ್ಲ. ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗ 2024ರಲ್ಲಿ ಡಿಮೆನ್ಷಿಯಾಕ್ಕೆ ದಾರಿ ಮಾಡುವ, ಆದರೆ ನಮ್ಮ ಕೈಯಲ್ಲಿ ತಿದ್ದಬಹುದಾದ 14 ಕಾರಣಗಳನ್ನು ಪಟ್ಟಿ ಮಾಡಿತು. ಅಷ್ಟನ್ನೂ ಸರಿ ಮಾಡಿದರೆ ನೂರರಲ್ಲಿ ಸುಮಾರು 45 ಪ್ರಕರಣಗಳನ್ನು ತಡೆಯಬಹುದು ಅಥವಾ ಮುಂದೂಡಬಹುದು ಅಂತ ಅವರ ಅಂದಾಜು. ಬಿ.ಪಿ., ಸಕ್ಕರೆ ಕಾಯಿಲೆ, ಕಿವಿ ಮಂದ, ಕಣ್ಣು ಮಂದ, ಖಿನ್ನತೆ, ಒಂಟಿತನ, ಸಿಗರೇಟು, ಕೆಟ್ಟ ಗಾಳಿ, ತಲೆಗೆ ಬೀಳುವ ಪೆಟ್ಟು ಎಲ್ಲ ಅದರಲ್ಲಿವೆ. ಧ್ಯಾನ ಮಾಡದಿರುವುದು ಇಲ್ಲ. ತಲೆಗೆ ಪೆಟ್ಟು ಅಂದಾಗ ನನಗೆ ನಮ್ಮ ಪಾರ್ಕಿನ ಗೇಟಿನ ಮುಂದಿನ ಫುಟ್‌ಪಾತಿನ ಕಲ್ಲೇ ನೆನಪಾಗುವುದು. ಒಂದು ಚಪ್ಪಡಿ ಸೀಸಾ ಥರ ಆಡುತ್ತದೆ. ಕಳೆದ ಮಳೆಗಾಲದಲ್ಲಿ ಇಬ್ಬರು ಬಿದ್ದರು. ಮರೆವಿನ ರೋಗ ದೂರ ಇಡಬೇಕು ಅಂತ ನಿಮಗೆ ನಿಜವಾಗಿ ಆಸೆ ಇದ್ದರೆ ಆ ಚಪ್ಪಡಿಯಿಂದ ಶುರು ಮಾಡಬಹುದು.

ಅರವತ್ತು ದಾಟಿದ ಭಾರತೀಯರಲ್ಲಿ ನೂರಕ್ಕೆ ಏಳು ಜನಕ್ಕಿಂತ ಸ್ವಲ್ಪ ಹೆಚ್ಚು, ಅಂದರೆ 88 ಲಕ್ಷ ಜನ, ಡಿಮೆನ್ಷಿಯಾ ಇರುವವರು ಅಂತ 2023ರಲ್ಲಿ ಬಂದ ಅಂದಾಜು ಹೇಳುತ್ತದೆ. ಇದರ ಬಗ್ಗೆ ಕೆಲಸ ಮಾಡುವವರು ನಮ್ಮೂರಲ್ಲೇ ಇದ್ದಾರೆ ಅನ್ನುವುದು ಇನ್ನೂ ಹೊಟ್ಟೆ ಉರಿಸುತ್ತದೆ. ಹೊಸೂರು ರಸ್ತೆಯಲ್ಲಿ ನಿಮ್ಹಾನ್ಸ್ ಇದೆ. ಐಐಎಸ್‌ಸಿ ಆವರಣದಲ್ಲಿ ಮೆದುಳಿನ ಸಂಶೋಧನಾ ಕೇಂದ್ರ ಇದೆ, ಅವರು ಕೋಲಾರದ ಶ್ರೀನಿವಾಸಪುರದ ಹಳ್ಳಿಗಳಲ್ಲಿ ವಯಸ್ಸಾದವರನ್ನು ವರ್ಷಾನುಗಟ್ಟಲೆ ಗಮನಿಸುತ್ತಾ ಮರೆವು ಹೇಗೆ ಶುರುವಾಗುತ್ತದೆ ಅಂತ ಲೆಕ್ಕ ಇಡುತ್ತಿದ್ದಾರೆ. ರಾಜ್ಯ ಸರ್ಕಾರವೇ ನಿಮ್ಹಾನ್ಸ್ ಜೊತೆ ಸೇರಿ 2022ರಲ್ಲಿ ಕರ್ನಾಟಕ ಬ್ರೇನ್ ಹೆಲ್ತ್ ಇನಿಷಿಯೇಟಿವ್ ಶುರು ಮಾಡಿತು, ಸರ್ಕಾರಿ ಆಸ್ಪತ್ರೆಗಳಲ್ಲೇ ಮೆದುಳಿನ ತೊಂದರೆ ತೋರಿಸಿಕೊಳ್ಳಲಿ ಅಂತ. ಇಷ್ಟೆಲ್ಲ ಇರುವ ಊರಿನಲ್ಲಿ, ಎಲ್ಲಿ ಹೋಗಿ ತೋರಿಸಬೇಕು ಅನ್ನುವ ಒಂದು ಸಾಲು ಬೋರ್ಡಿನ ಮೇಲೆ ಇಲ್ಲ. ಇರುವುದು ಪ್ರಾಸ. ಮಾಡಿ, ಇಡಿ.

ನನ್ನ ಬೇಡಿಕೆ ದೊಡ್ಡದಲ್ಲ. ಮೊದಲ ಸಾಲು ಹಾಗೇ ಇರಲಿ. ಏಳು ಹೆಸರುಗಳೂ ಇರಲಿ, ನಮಗೇನೂ ತೊಂದರೆ ಇಲ್ಲ. ಎರಡನೇ ಸಾಲು ಅಳಿಸಿ, ಆ ಜಾಗದಲ್ಲಿ ‘ಮರೆವು ಜಾಸ್ತಿಯಾಗಿದೆಯೇ? ಮೊದಲು ಡಾಕ್ಟರಿಗೆ ತೋರಿಸಿ. ಧ್ಯಾನಕ್ಕೂ ಬನ್ನಿ’ ಅಂತ ಬರೆಸಿ. ಕೆಳಗೆ ಎರಡು ನಂಬರು, ಮನಸ್ಸಿನ ತೊಂದರೆಗೆ 14416, ಹಿರಿಯರ ಸಹಾಯವಾಣಿ 14567. ಆ ಗ್ರಾನೈಟ್ ಕಟ್ಟೆಗೆ ಎರಡು ಮೆಟ್ಟಿಲಿವೆ, ಹಿಡಿದುಕೊಳ್ಳಲು ಕಂಬಿ ಇಲ್ಲ, ಮಂಡಿ ನೋವಿನವರು ಅದರ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುವುದು ಆಗದ ಮಾತು. ಬೆನ್ನು ಆನಿಸಲು ಬರುವ ನಾಲ್ಕು ಬೆಂಚು ಕೊಟ್ಟರೆ ಕಟ್ಟೆಯನ್ನು ಮಕ್ಕಳ ಕುಂಟೆಬಿಲ್ಲೆಗೆ ಬಿಟ್ಟುಕೊಡುತ್ತೇವೆ, ಈಗಲೂ ಅದಕ್ಕೇ ಬಳಕೆಯಾಗುತ್ತಿರುವುದು.

ಖರ್ಚಿನ ಚಿಂತೆ ಬೇಡ. ಬೆಂಚಿಗೆ ನೀವು ನೋಡಿಕೊಳ್ಳಿ, ಬೋರ್ಡು ನಮ್ಮದು. ಪೇಂಟರ್ ಹೋದ ವಾರ ಬಂದು ಹಳೇ ಬಣ್ಣಕ್ಕೆ ಹೊಸದನ್ನು ಹೊಂದಿಸಿ ನೋಡಿದ್ದಾರೆ, ಮೂರು ಸಲ ಕಲೆಸಿದ ಮೇಲೆ ಹಳದಿ ಸರಿಯಾಗಿ ಕೂತಿದೆಯಂತೆ. ಹಸಿರು ಆವತ್ತಿನ ಗೀಟಿಗೆ ತಂದದ್ದೇ ಮಿಕ್ಕಿದೆ. ಎರಡು ಗೀಟನ್ನು ಕೇಳದೆ ಎಳೆದೆವು, ಇಡೀ ಸಾಲನ್ನು ಕೇಳದೆ ಅಳಿಸುವುದು ಸರಿಯಲ್ಲ ಅಂತ ಕಾಯುತ್ತಿದ್ದೇವೆ. ಅವರಿಗೆ ಸ್ಟೂಲು ಬೇಕು, ಹಿಡಿದುಕೊಳ್ಳಲು ಇಬ್ಬರು ಬೇಕು. ಒಂದು ಕಡೆ ನಾನು ಹಿಡಿಯುತ್ತೇನೆ. ಇನ್ನೊಂದು ಕಡೆ ನಾನೇ ಹಿಡಿಯುತ್ತೇನೆ ಅಂತ ಮೇಷ್ಟ್ರು ಹೇಳಿದ್ದಾರೆ, ಬೇಡ ಅಂದರೂ ಕೇಳುತ್ತಿಲ್ಲ.

ಶನಿವಾರ ಬೆಳಗ್ಗೆ ಏಳಕ್ಕೆ ಆದರೆ ಅನುಕೂಲ. ಕಾಫಿ ಆಮೇಲೆ.

ಇಂತಿ,
ಹೊಂಗೆ ಮರದ ಕೆಳಗಿನ ಗುಂಪಿನ ಪರವಾಗಿ,
ಒಬ್ಬ ನಿವೃತ್ತ ಸೈಕಾಲಜಿ ಮೇಡಂ